ಮನಸ್ಸಿನ ಮಾತೂ ಒಂದು ಅಮಾನತ್

ಮಕ್ಕಳಿಗೆ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಅದೇ ಮಗ ಅಥವಾ ಮಗಳು ವಾರಗಟ್ಟಲೆ ನಿದ್ದೆಗೆಟ್ಟು, ಊಟ ಬಿಟ್ಟು, ಮೂಲೆ ಸೇರಿದರೆ ‘ನಜರ್ ಆಗಿದೆ’, ‘ಈಮಾನ್ ಕಡಿಮೆಯಾಗಿದೆ’ ಎಂದು ಸುಮ್ಮನಾಗುತ್ತೇವೆ. ಚಿಕಿತ್ಸೆ ಪಡೆಯಿರಿ ಎಂಬ ಪ್ರವಾದಿವರ್ಯರ(ಸ) ಬೋಧನೆ ದೇಹದ ಕಾಯಿಲೆಗಷ್ಟೇ ಸೀಮಿತವಲ್ಲ. ಸಾವಿರ ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತು ಗ್ರಂಥ ರಚಿಸಿ, ಕೋಪ, ಭಯ, ದುಃಖ ಹಾಗೂ ಬಿಡದೆ ಕಾಡುವ ಯೋಚನೆಗಳಿಗೆ ಪರಿಹಾರ ಬರೆದಿದ್ದರು.

ಮನಶ್ಶಾಸ್ತ್ರಜ್ಞರು ಏನು ಮಾಡುತ್ತಾರೆ?

ಮನೋವೈದ್ಯರು ಔಷಧ ಬರೆದುಕೊಡುತ್ತಾರೆ. ಮನಶ್ಶಾಸ್ತ್ರಜ್ಞರು ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ನೆರವಾಗುತ್ತಾರೆ. ಕೆಲವರಿಗೆ ಎರಡೂ ಬೇಕಾಗುತ್ತದೆ.

ಪರೀಕ್ಷೆ ಹತ್ತಿರ ಬಂದಂತೆ ದಿನವೂ ಬೆಳಿಗ್ಗೆ ಹೊಟ್ಟೆನೋವೆನ್ನುವ ಎಸ್‌ಎಸ್‌ಎಲ್‌ಸಿ ಹುಡುಗನೊಬ್ಬ ಇದ್ದಾನೆಂದುಕೊಳ್ಳಿ. ಮನಶ್ಶಾಸ್ತ್ರಜ್ಞರು ಮೊದಲು ಅಬ್ಬಾ-ಅಮ್ಮಿಯ ಜೊತೆ, ನಂತರ ಹುಡುಗನೊಬ್ಬನ ಜೊತೆ ಮಾತನಾಡುತ್ತಾರೆ. ‘ನೀನು ಹೇಳಿದ್ದು ನಮ್ಮಲ್ಲೇ ಇರುತ್ತದೆ, ನಿನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಯವರಿಗೆ ತಿಳಿಸುತ್ತೇನೆ’ ಎಂದು ಆರಂಭದಲ್ಲೇ ಸ್ಪಷ್ಟಪಡಿಸುತ್ತಾರೆ. ‘ಫೇಲಾದರೆ ಎಲ್ಲಾ ಮುಗಿಯಿತು’ ಎಂಬ ಯೋಚನೆ ಎಲ್ಲಿಂದ ಬಂತು, ಅದು ಎಷ್ಟು ನಿಜ ಎಂದು ಅವನೇ ಬರೆದು ನೋಡುವಂತೆ ಮಾಡುತ್ತಾರೆ. ನಿದ್ದೆಯ ಸಮಯ, ನಿಧಾನ ಉಸಿರಾಟ, ದಿನಕ್ಕೊಂದು ಸಣ್ಣ ಪಾಠ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸಾಗುತ್ತಾರೆ.

ವಯಸ್ಕರ ವಿಷಯ ತುಸು ಬೇರೆ. ಕಾಲುವೆ ನೀರು ತಪ್ಪಿ ಭತ್ತ ಒಣಗಿ ಸಾಲಕ್ಕೆ ಸಿಲುಕಿದ ರೈತನಿರಲಿ, ಹೆರಿಗೆಯ ನಂತರ ಅಳು ನಿಲ್ಲದ ತಾಯಿಯಿರಲಿ, ಚಿಕಿತ್ಸೆಯ ಗುರಿಯನ್ನು ಅವರೇ ನಿರ್ಧರಿಸುತ್ತಾರೆ. ಮನಶ್ಶಾಸ್ತ್ರಜ್ಞರು ಸಾಲ ತೀರಿಸಲಾರರು. ಆದರೆ ಕಷ್ಟದ ನಡುವೆಯೂ ಇಂದು ಮಾಡಬಹುದಾದ ಕೆಲಸ ಯಾವುದೆಂದು ಕಂಡುಕೊಳ್ಳಲು ನೆರವಾಗುತ್ತಾರೆ.

ಮನೆಯವರ ಪಾತ್ರ

ಹೊರಬಂದ ಮಗನನ್ನು ‘ಒಳಗೆ ಏನು ಹೇಳಿದೆ?’ ಎಂದು ಕೆದಕಬೇಡಿ. ನಂಬಿ ಒಪ್ಪಿಸಿದ ಮಾತು ಅಮಾನತ್. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಈ ಗೋಪ್ಯತೆಯನ್ನು ಹಕ್ಕಾಗಿ ಮಾನ್ಯ ಮಾಡಿದೆ. ಮಗಳ ಚಿಕಿತ್ಸೆಯನ್ನು ನೆಂಟರ ಮುಂದೆ ಆಡಿಕೊಳ್ಳಬೇಡಿ. ನಮಾಝ್, ದುಆ ಮನಸ್ಸಿಗೆ ಬಲ ನೀಡುತ್ತವೆ. ಚಿಕಿತ್ಸೆಯೂ ಅವುಗಳ ಜೊತೆ ಸಾಗಲಿ.

ಎಲ್ಲಿ ಕೇಳಬೇಕು?

ನಮ್ಮ ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಯವರು ಸರಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಯಾವ ದಿನ ಸಿಗುತ್ತದೆಂದು ವಿಚಾರಿಸಬಹುದು. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೂ ಕೇಳಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಕರೆ ಮಾಡಬಹುದು.

ಮನೆಯಲ್ಲಿ ಯಾರಾದರೂ ‘ಸಾಯಬೇಕೆನಿಸುತ್ತದೆ’ ಎಂದರೆ ತಮಾಷೆ ಎಂದುಕೊಳ್ಳಬೇಡಿ, ಗದರಿಸಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ತೆಗೆದಿಟ್ಟು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.