ಮಗುವಿನ ಎತ್ತರವೂ ಹೊಲದ ಅಕ್ಕಡಿ ಸಾಲೂ

ರಾಗಿ ನಾಟಿಗೆ 21 ರಿಂದ 25 ದಿನಗಳ ಪೈರು ಯೋಗ್ಯವೆಂಬುದು ರೈತ ಬಾಂಧವರಿಗೆ ತಿಳಿದ ವಿಷಯ. ಒಟ್ಲುಪಾತಿಯಲ್ಲೇ ಬಲಿತ ಪೈರಿಗೆ ಆಮೇಲೆ ಎಷ್ಟು ಯೂರಿಯಾ ಕೊಟ್ಟರೂ ತೆಂಡೆ ಸರಿಯಾಗಿ ಒಡೆಯುವುದಿಲ್ಲ. ಮಕ್ಕಳ ಬೆಳವಣಿಗೆಗೂ ಇಂಥದೇ ಗಡುವಿದೆ. ತಾಯಿ ಗರ್ಭ ಧರಿಸಿದಂದಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು 1000 ದಿನಗಳಲ್ಲಿ ಕುಂಠಿತವಾದ ಎತ್ತರ ಆಮೇಲೆ ಪೂರ್ತಿಯಾಗಿ ಮರಳುವುದು ಕಷ್ಟ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇಕಡ 35.4 ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಎರಡು ವರ್ಷದ ಗಂಡು ಮಗು ಮಲಗಿಸಿ ಅಳೆದಾಗ ಸರಾಸರಿ 88 ಸೆಂ.ಮೀ., ಹೆಣ್ಣು ಮಗು 86 ಸೆಂ.ಮೀ. ಉದ್ದವಿರುತ್ತದೆ. ಇದು ಸುಮಾರು 82 ಮತ್ತು 80 ಸೆಂ.ಮೀ.ಗಿಂತ ಕಡಿಮೆಯಾದರೆ ಬೆಳವಣಿಗೆ ಕುಂಠಿತವಾಗಿದೆಯೆಂದು ತಿಳಿಯಬೇಕು.

ಒಮ್ಮೆ ಕ್ಷೇತ್ರೋತ್ಸವದಲ್ಲಿ, ಜಿ.ಪಿ.ಯು.-28 ರಾಗಿಯನ್ನು ಬಹು ಚೆನ್ನಾಗಿ ಬೆಳೆದಿದ್ದ ರೈತರೊಬ್ಬರು ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದರು. ವರ್ಷದ ಕೂಸೆಂದುಕೊಂಡೆ. ಎರಡೂವರೆ ತುಂಬಿತ್ತು. “ನಮ್ಮ ವಂಶವೇ ಕುಳ್ಳು ಸಾರ್” ಎಂದರು. ವಂಶದ ಪಾತ್ರ ಇಲ್ಲವೆಂದಲ್ಲ. ಆದರೆ ಭಾರತವೂ ಸೇರಿ ಆರು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ, ಒಳ್ಳೆಯ ಆರೈಕೆ ಪಡೆದ ಎಳೆಯ ಮಕ್ಕಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಮ ಬೆಳೆದದ್ದು ಕಂಡುಬಂದಿದೆ. ಮಗುವಿಗೆ ಏನು ಉಣಿಸುತ್ತೀರಮ್ಮ ಎಂದು ಸೊಸೆಯನ್ನು ಕೇಳಿದೆ. “ರಾಗಿ ಗಂಜಿ, ಅನ್ನದ ತಿಳಿ” ಎಂದರು. ಹೊಲದಲ್ಲೂ ಅಕ್ಕಡಿ ಸಾಲಿರಲಿಲ್ಲ, ಬರೀ ರಾಗಿ.

ತಪ್ಪು ಅವರೊಬ್ಬರದಲ್ಲ. ಎಕರೆಗೆ ಎಷ್ಟು ಕ್ವಿಂಟಲ್ ಎಂದು ನಾವು ಬೇಸಾಯ ತಜ್ಞರು ಹೇಳುತ್ತ ಬಂದೆವು, ತಟ್ಟೆಗೆ ಏನು ಬಂತೆಂದು ಕೇಳಲಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ, 100 ಗ್ರಾಂಗೆ 300 ಮಿ.ಗ್ರಾಂ.ಗೂ ಮಿಗಿಲು. ಸಸಾರಜನಕ ಮಾತ್ರ ಸುಮಾರು 7 ಗ್ರಾಂ, ಅದರಲ್ಲೂ ಲೈಸಿನ್ ಕೊರತೆ. ಈ ಕೊರತೆಯನ್ನು ಅವರೆ, ತೊಗರಿ, ಹೆಸರು ತುಂಬುತ್ತವೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ ಹಾಕಿರಿ. ಕೊಯ್ಲು ಯಂತ್ರಕ್ಕೆ ಅಡ್ಡಿ ಎನ್ನುವವರು ಬದುವಿನ ಪಕ್ಕದ ನಾಲ್ಕು ಸಾಲನ್ನಾದರೂ ಮನೆಗೆಂದು ಬಿಡಬಹುದು.

ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು. ಆಮೇಲೆ ಎದೆಹಾಲಿನೊಂದಿಗೆ ರಾಗಿ ಸರಿ ಕೊಡಿ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿ ಜರಡಿ ಹಿಡಿಯಬೇಕು. ಹುರಿದ ಹೆಸರುಬೇಳೆಯ ಹಿಟ್ಟು ಮೂರಕ್ಕೆ ಒಂದು ಪಾಲು ಬೆರೆಸಿ. ಬರೀ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದರಿಂದ ನೀರು ಸುರಿಯುತ್ತೇವೆ, ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯ ಹಿಟ್ಟು ಅಷ್ಟು ಗಟ್ಟಿಯಾಗದ ಕಾರಣ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಬಟ್ಟಲಿಗೊಂದು ಚಮಚ ತುಪ್ಪವೋ ಎಣ್ಣೆಯೋ ಸೇರಲಿ. ಎಂಟನೇ ತಿಂಗಳಿನ ಹೊತ್ತಿಗೆ ಮಸೆದ ಸೊಪ್ಪು, ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆಯೂ ಬರಲಿ.

ಊಟ ಸರಿಯಿದ್ದೂ ಮಗು ಬೆಳೆಯದಿದ್ದರೆ ನೀರನ್ನು ನೋಡಿರಿ. ಪದೇ ಪದೇ ಭೇದಿಯಾದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಕೋಳಿ ಓಡಾಡುವ ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಮಣ್ಣಿನೊಂದಿಗೆ ಏನೇನು ಬಾಯಿಗಿಡುತ್ತದೋ! ಹದಿನೆಂಟು ತುಂಬುವ ಮುನ್ನ ತಾಯಿಯಾದವಳ, ರಕ್ತಹೀನತೆಯಿದ್ದೂ ಕಳೆ ಕೀಳಲು ಹೋಗುವ ಬಸುರಿಯ ಮಗು ಹುಟ್ಟುವಾಗಲೇ ಹಿಂದೆ ಬಿದ್ದಿರುವ ಸಂಭವ ಹೆಚ್ಚು.

ಅಂಗನವಾಡಿಯಲ್ಲಿ ತೂಕದ ಜೊತೆಗೆ ಉದ್ದವನ್ನೂ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸಿರಿ. ಮೈತುಂಬಿಕೊಂಡಂತೆ ಕಾಣುವ ಕುಳ್ಳ ಮಗು ತಕ್ಕಡಿಯ ಮೇಲೆ ಸರಿಯಾಗಿಯೇ ತೂಗೀತು.