ಪರ್ಯಾಯದ ಮುಹೂರ್ತಗಳು ಮತ್ತು ಗೃಹಸ್ಥರ ಮನೆ

ಪರ್ಯಾಯವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣೆದುರಿಗೆ ಬರುವುದು ಜನವರಿ 18ರ ನಸುಕಿನ ವೈಭವ. ಕಾಪು ಸಮೀಪದ ದಂಡತೀರ್ಥದಲ್ಲಿ ಸ್ನಾನ, ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ, ಕನಕನ ಕಿಂಡಿಯಲ್ಲಿ ಶ್ರೀಕೃಷ್ಣದರ್ಶನ, ಕೊನೆಗೆ ಸರ್ವಜ್ಞ ಪೀಠಾರೋಹಣ. ಇವೆಲ್ಲವೂ ಒಂದು ರಾತ್ರಿಯಲ್ಲಿ ಮುಗಿಯುವಂಥವು. ಆದರೆ ಆ ಒಂದು ರಾತ್ರಿಯ ಹಿಂದೆ ಒಂದು ವರ್ಷಕ್ಕೂ ಮೀರಿದ ಸಿದ್ಧತೆಯುಂಟು. ಗೃಹಸ್ಥರಾದ ನಮಗೆ ಪಾಠವಿರುವುದು ಆ ಸಿದ್ಧತೆಯಲ್ಲಿ.

ಶ್ರೀಮದಾಚಾರ್ಯರು ಉಡುಪಿಯಲ್ಲಿ ಪ್ರತಿಷ್ಠಾಪಿಸಿದ ಶ್ರೀಕೃಷ್ಣನ ಪೂಜೆಯು ಮೊದಲು ಎರಡೆರಡು ತಿಂಗಳಂತೆ ಅಷ್ಟಮಠಗಳ ಯತಿಗಳಲ್ಲಿ ಸರದಿಯಾಗಿ ನಡೆಯುತ್ತಿತ್ತು. ಶ್ರೀವಾದಿರಾಜಗುರುಸಾರ್ವಭೌಮರು ಆ ಅವಧಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. 1522ರಿಂದ ಈ ಕ್ರಮವು ಬಂದಿರುವುದೆಂದು ಸಂಪ್ರದಾಯದ ಎಣಿಕೆ. ಎಂಟು ಮಠಗಳ ಒಂದು ಸುತ್ತು ಪೂರ್ಣವಾಗಲು 16 ವರ್ಷಗಳು ಬೇಕು.

ಪರ್ಯಾಯಪೀಠವೇರಲಿರುವ ಮಠದಲ್ಲಿ ಕ್ರಮವಾಗಿ ನಾಲ್ಕು ಮುಹೂರ್ತಗಳು ನಡೆಯುತ್ತವೆ. ಮೊದಲನೆಯದು ಬಾಳೆ ಮುಹೂರ್ತ. ಬಾಳೆಯನ್ನೂ ತುಳಸಿಯನ್ನೂ ನೆಡುವುದು. ಬಾಳೆಯು ಗೊನೆ ಬಿಡಲು ಸುಮಾರು ಒಂದು ವರ್ಷ ಬೇಕಲ್ಲವೆ? ಎರಡನೆಯದು ಅಕ್ಕಿ ಮುಹೂರ್ತ. ಅಕ್ಕಿಮುಡಿಗಳ ಸಂಗ್ರಹಕ್ಕೆ ಆರಂಭ. ಮೂರನೆಯದು ಕಟ್ಟಿಗೆ ಮುಹೂರ್ತ. ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವರು. ಹಸಿ ಸೌದೆ ಒಣಗಲು ಕಾಲಾವಕಾಶ ಬೇಕು. ನಾಲ್ಕನೆಯದು ಭತ್ತ ಮುಹೂರ್ತ. ವಾಚಕರು ಗಮನಿಸಬೇಕು: ಎಲೆ, ಅಕ್ಕಿ, ಸೌದೆ, ಭತ್ತ, ಈ ನಾಲ್ಕೂ ಅಡಿಗೆಮನೆಗೆ ಸೇರಿದವು. ಪೀಠಾಧಿಕಾರದ ಹಸ್ತಾಂತರದಲ್ಲಿಯೂ ನಿರ್ಗಮಿಸುವ ಯತಿಗಳು ಮುಂದಿನವರ ಕೈಗೆ ಕೊಡುವುದು ಅಕ್ಷಯಪಾತ್ರೆ, ಸಟ್ಟುಗ ಮತ್ತು ಕೀಲಿಕೈಗಳನ್ನು. ಅಧಿಕಾರವೆಂದರೆ ಬಡಿಸುವ ಹೊಣೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಂಕೇತವುಂಟೆ? ಉಡುಪಿಯ ದೇವನನ್ನು ಅನ್ನಬ್ರಹ್ಮನೆಂದು ಹಿರಿಯರು ಕರೆದುದು ಸಾರ್ಥಕವಾಗಿದೆ.

ಈ ಹೊಣೆಯನ್ನು ಒಂದು ಮಠವು ಒಂಟಿಯಾಗಿ ಹೊರುವುದಿಲ್ಲ. ಪರ್ಯಾಯವು ಸಮೀಪಿಸಿದಂತೆ ಊರೂರುಗಳಿಂದ ಹೊರೆಕಾಣಿಕೆ ಬರುತ್ತದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ, ಯಾರ ನೆಲದಲ್ಲಿ ಏನು ಬೆಳೆಯುವುದೋ ಅದು. ಮಟ್ಟು ಗ್ರಾಮದವರು ತಮ್ಮ ಗುಳ್ಳವನ್ನು ತರುತ್ತಾರೆ. ಅದರ ಬೀಜವನ್ನು ಶ್ರೀವಾದಿರಾಜರೇ ಅನುಗ್ರಹಿಸಿದರೆಂಬುದು ಅವರ ನಂಬುಗೆ. ತಾನು ತಂದುದು ಆ ಪಾಕದಲ್ಲಿ ಸೇರಿದೆಯೆಂಬ ಭಾವವೇ ಭಕ್ತನನ್ನು ಪಂಕ್ತಿಗೆ ಎಳೆದು ತರುತ್ತದೆ.

ಇದನ್ನು ಬರೆಯುವಾಗ ನಮ್ಮ ಮನೆಯ ಒಂದು ಲೋಪವನ್ನು ಮರೆಮಾಚಲಾರೆವು. ಮಧ್ವನವಮಿಯಂದು ನಮ್ಮ ತೀರ್ಥರೂಪರ ಮನೆಯಲ್ಲಿ ಸಹೋದರರೆಲ್ಲರೂ ಕೂಡುವುದು ರೂಢಿ. ಉದ್ಯೋಗನಿಮಿತ್ತ ಊರು ಬಿಟ್ಟ ಮೇಲೆ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿ, ಖರ್ಚಿನ ಹಣವನ್ನು ಮಾತ್ರ ಕಳುಹಿಸತೊಡಗಿದೆವು. ಹಣಕ್ಕೆ ಎಂದೂ ಕೊರತೆಯಾಗಲಿಲ್ಲ. ಒಂದು ವರ್ಷ ಅಲಂಕಾರಪಂಕ್ತಿಯ ಹೊತ್ತಿಗೆ ವೃದ್ಧರಾದ ತೀರ್ಥರೂಪರೇ ಬಗ್ಗಿ ಎಲೆ ಹಾಕಿದರಂತೆ. ಮಾತೃಶ್ರೀಯವರು ನಮಗೆ ಹೇಳಿದ್ದು ಇಷ್ಟೇ: “ದುಡ್ಡು ಬಂತಪ್ಪಾ, ಬಡಿಸೋ ಕೈ ಬರಲಿಲ್ಲ.” ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುವರ್ಷ ಉಡುಪಿಯ ಕ್ರಮವನ್ನೇ ಅನುಸರಿಸಿದೆವು. ಎರಡು ತಿಂಗಳು ಮೊದಲೇ ಎಲ್ಲ ಮನೆಗಳಿಗೂ ಪತ್ರ ಬರೆದು, ಒಂದೊಂದು ಮನೆಗೆ ಒಂದೊಂದು ಕಾರ್ಯವನ್ನು ಒಪ್ಪಿಸಿದೆವು. ಹಣವನ್ನು ಯಾರಿಂದಲೂ ಕೇಳಲಿಲ್ಲ. ಒಬ್ಬರಿಗೆ ಬಾಳೆಲೆ, ಒಬ್ಬರಿಗೆ ತೆಂಗಿನಕಾಯಿ, ಅತ್ತಿಗೆಯವರಿಗೆ ಹಯಗ್ರೀವ ಮಡ್ಡಿ, ಮಕ್ಕಳಿಗೆ ರಂಗವಲ್ಲಿ ಹಾಗೂ ಹೂಮಾಲೆ. ತಾನು ಬಾರದಿದ್ದರೆ ಎಲೆಯೇ ಇಲ್ಲವೆಂದು ತಿಳಿದವನು ಬಾರದಿರುವನೆ? ಒಬ್ಬರ ಹೊರತು ಎಲ್ಲರೂ ಬಂದರು. ಬಾರದ ಆ ಮನೆಯ ಪಾಲಿನ ಎಲೆಯನ್ನು ಹಾಕಿಯೇ ಇಟ್ಟಿದ್ದರು ಮಾತೃಶ್ರೀಯವರು. ಅದನ್ನು ಕೇಳಿ ಆ ಸಹೋದರರು ಮುಂದಿನ ಏಕಾದಶಿಯ ಸಂಜೆಯೇ ಬಂದಿಳಿದು, ದ್ವಾದಶಿಯ ಪಾರಣೆಗೆ ತಾವೇ ಬಡಿಸಿದರು.

ಹಬ್ಬಗಳು ವರ್ಷಕ್ಕೆ ಕೆಲವೇ. ದ್ವಾದಶಿಯಾದರೋ ತಿಂಗಳಿಗೆ ಎರಡು ಸಲ ಬರುತ್ತದೆ. ಉಪವಾಸದ ಮರುದಿನ ಮುಂಜಾನೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತೀರ್ಥಪ್ರಸಾದ ಸ್ವೀಕರಿಸಿ ಪಾರಣೆ ಮಾಡಲು ಯಾವ ವೈಭವವೂ ಬೇಕಿಲ್ಲ. ಮಗನು ನೀರು ತರಲಿ, ಮಗಳು ತುಳಸಿ ಕೊಯ್ಯಲಿ, ಯಜಮಾನನು ಎಲೆ ಹಾಕಲಿ. ಪಕ್ಕದ ಮನೆಯಲ್ಲಿ ಒಬ್ಬಂಟಿ ವೃದ್ಧರಿದ್ದರೆ ಹಿಂದಿನ ದಿನವೇ ಹೋಗಿ ಕರೆಯೋಣ. ಕರೆಯುವ ಮಾತೇ ಗೃಹಸ್ಥನ ಬಾಳೆ ಮುಹೂರ್ತ. ಅದನ್ನು ಕಾಲಕ್ಕೆ ಮುಂಚೆ ನೆಟ್ಟರೆ ಮಾತ್ರ ಹಬ್ಬದ ದಿನ ಎಲೆ ದೊರೆಯುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.