ಟ್ರ್ಯಾಕ್ಟರ್‌ಗೆ ಆಯಿಲ್ ಕೂಲರ್ ಹಾಕಿಸುವ ಮುನ್ನ

ಕಳೆದ ಬೇಸಿಗೆಯಲ್ಲಿ ತೆಂಗಿನ ತೋಟಕ್ಕೆ ರೋಟವೇಟರ್ ಹೊಡೀತಿದ್ದೆ. ಬೆಳಗ್ಗೆ ಸರಿಯಾಗಿದ್ದ ಲಿಫ್ಟ್ ಮಧ್ಯಾಹ್ನದ ಹೊತ್ತಿಗೆ ನಿಧಾನವಾಯ್ತು. ಸೀಟಿನ ಕೆಳಗೆ ಕೈ ಇಡೋಕೂ ಆಗದಷ್ಟು ಬಿಸಿ. "ಆಯಿಲ್ ಕೂಲರ್ ಹಾಕಿಸಿಬಿಡಿ ಸಾರ್, ಪಂಪಿನ ಪೈಪಿಗೇ ಜೋಡಿಸ್ತೀನಿ" ಅಂದರು ಮೆಕ್ಯಾನಿಕ್. ಒಂದು ದಿನ ತಡೆದು ನೋಡಿದ್ದು ಒಳ್ಳೆಯದಾಯ್ತು. ಆ ಪಾಠ ಇಲ್ಲಿದೆ.

ಬಿಸಿ ಎಲ್ಲಿಂದ ಬರುತ್ತೆ?

ನಮ್ಮಲ್ಲಿನ ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಲಿಫ್ಟ್ ಎಲ್ಲಕ್ಕೂ ಒಂದೇ ಎಣ್ಣೆ. ಮುಂದಿರುವ ರೇಡಿಯೇಟರ್ ತಣಿಸುವುದು ಇಂಜಿನ್ನಿನ ನೀರನ್ನು, ಈ ಎಣ್ಣೆಯನ್ನಲ್ಲ. ಇದು ತಣ್ಣಗಾಗುವುದು ಹೆಚ್ಚಾಗಿ ಹೌಸಿಂಗ್ ಮೈಗೆ ತಾಗುವ ಗಾಳಿಯಿಂದ. ಎಣ್ಣೆ ಕಾದಷ್ಟೂ ತೆಳುವಾಗುತ್ತೆ, ಪಂಪಿನೊಳಗೇ ಸೋರಿಕೆ ಹೆಚ್ಚುತ್ತೆ, ಲಿಫ್ಟ್ ಸೋಲುತ್ತೆ. ಹೀಗೇ ಓಡಿಸಿದರೆ ಸೀಲ್‌ಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ, ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತೆ. ಸಾವಯವ ತೋಟದಲ್ಲಿ ಅದಕ್ಕಿಂತ ಬೇಸರದ ಸಂಗತಿ ಬೇರೆ ಇದೆಯೇ?

ಮೊದಲು ಇಷ್ಟನ್ನು ನೋಡಿ

1. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಲಿಫ್ಟ್ ಇಳಿಸಿ, ಇಂಜಿನ್ ಆಫ್ ಮಾಡಿ, ಡಿಪ್ ಸ್ಟಿಕ್ ನೋಡಿ. ನನ್ನದರಲ್ಲಿ ಎಣ್ಣೆ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು.

2. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಿಸಿ. ಹಾಲಿನಂತಿದ್ದರೆ ನೀರು ಸೇರಿದೆ ಎಂದರ್ಥ. ಕೆಸರುಗದ್ದೆಯಲ್ಲಿ ದುಡಿದ ಗಾಡಿಗಳಲ್ಲಿ ಇದು ಹೆಚ್ಚು. ಕಂಪನಿ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ, ಫಿಲ್ಟರ್ ಕೂಡ ಬದಲಿಸಿ.

3. ಹೌಸಿಂಗ್ ಮೇಲೆ ಒಣಗಿದ ಕೆಸರು ಕಂಬಳಿ ಹೊದಿಸಿದಂತೆ. ಕೆರೆದು ತೊಳೆಯಿರಿ.

4. ಲಿವರ್ ಪೂರ್ತಿ ಮೇಲೆತ್ತಿದಾಗ ಕೀರಲು ಸದ್ದು ನಿಲ್ಲದಿದ್ದರೆ ಎಣ್ಣೆ ರಿಲೀಫ್ ವಾಲ್ವ್ ಮೂಲಕ ನುಗ್ಗುತ್ತಿದೆ. ಆ ಒತ್ತಡವೆಲ್ಲ ಬಿಸಿಯಾಗಿಯೇ ಹೊರಬರುತ್ತೆ. ಲಿವರ್ ಸ್ವಲ್ಪ ಇಳಿಸಿ. ಆಗಲೂ ನಿಲ್ಲದಿದ್ದರೆ ಲಿಫ್ಟಿನ ಹೊಂದಾಣಿಕೆ ಮಾಡಿಸಿ.

ನನ್ನ ಟ್ರ್ಯಾಕ್ಟರ್ ಸರಿಹೋಗಿದ್ದು ಎಣ್ಣೆ, ಫಿಲ್ಟರ್ ಮತ್ತು ಒಂದು ಗಂಟೆಯ ತೊಳೆಯುವ ಕೆಲಸದಿಂದ. ಕೂಲರ್ ಬೇಕಾಗಲೇ ಇಲ್ಲ.

ಕೂಲರ್ ಯಾರಿಗೆ ಬೇಕು?

ಲೋಡರ್ ಅಥವಾ ಗುಂಡಿ ತೋಡುವ ಹೈಡ್ರಾಲಿಕ್ ಸಲಕರಣೆಯನ್ನು ದಿನವಿಡೀ ಓಡಿಸುವವರಿಗೆ ಅದು ನಿಜಕ್ಕೂ ಉಪಯೋಗ. ಕೂಲರ್ ಅಂದರೆ ಎಣ್ಣೆ ಹರಿಯುವ ಸಣ್ಣ ರೇಡಿಯೇಟರ್, ಅಷ್ಟೇ.

ಹಾಕಿಸುವಾಗ ಒಂದು ಮಾತು ಮರೀಬೇಡಿ: ಅದು ಎಣ್ಣೆ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿನಲ್ಲಿರಬೇಕು, ಪಂಪಿನಿಂದ ಹೊರಡುವ ಪೈಪಿನಲ್ಲಲ್ಲ. ಟೈರಿನ ಗಾಳಿ ಒಂದೆರಡು ಬಾರ್ ಇದ್ದರೆ, ಪಂಪಿನ ಒತ್ತಡ 150 ಬಾರ್ ದಾಟಬಹುದು. ಕೂಲರಿನ ತೆಳು ಕೊಳವೆ ಅದನ್ನು ತಡೆಯಲ್ಲ, ಒಡೆದರೆ ಕಾದ ಎಣ್ಣೆ ಮೈಮೇಲೆ! ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಲಿಫ್ಟಿನ ಎಣ್ಣೆ ಹೌಸಿಂಗ್ ಒಳಗೇ ಮರಳುತ್ತೆ, ಹೊರಗೆ ರಿಟರ್ನ್ ಪೈಪೇ ಇರಲ್ಲ. ಅಂಥವಕ್ಕೆ ಬರೀ ಲಿಫ್ಟಿಗಾಗಿ ಕೂಲರ್ ಕೂರಿಸುವುದು ಸುಲಭವಲ್ಲ.

ರೇಡಿಯೇಟರ್ ಮುಂದೆ ಕೂರಿಸುವುದಾದರೆ ನಡುವೆ ಕಸ ತೆಗೆಯಲು ಜಾಗ ಬಿಡಿ. ಎಣ್ಣೆಗೆಂದೇ ಮಾಡಿದ ಹೋಸ್ ಬಳಸಿ. ಕೂಲರ್ ತುಂಬಿದ ಮೇಲೆ ಎಣ್ಣೆ ಮಟ್ಟ ಮತ್ತೆ ನೋಡಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ, ಬರಿಗೈ ಬೇಡ. ವಾರಂಟಿ ಇದ್ದರೆ ಮೊದಲು ಡೀಲರನ್ನು ಕೇಳಿ.

ಕೊನೆಯದಾಗಿ, ತೆಗೆದ ಹಳೇ ಎಣ್ಣೆಯನ್ನು ಬದುವಿಗೆ ಸುರಿಯುವುದು, ಗೆದ್ದಲಿಗೆಂದು ಬೇಲಿ ಕಂಬಕ್ಕೆ ಬಳಿಯುವುದು ಬೇಡ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೇ ಎಣ್ಣೆ ಕೊಳ್ಳುವ ಅಧಿಕೃತರಿಗೆ ಕೊಡಿ. ಎರೆಹುಳು ಸಾಕಿದ ಮಣ್ಣು ಅದು, ನಾವೇ ಹಾಳು ಮಾಡೋದು ಬೇಡ.

ಮುಂಗಾರಿಗೆ ಗಾಡಿ ಇಳಿಸುವ ಮುಂಚೆ, ಈ ವಾರವೇ ಡಿಪ್ ಸ್ಟಿಕ್ ಒಮ್ಮೆ ಎತ್ತಿ ನೋಡಿ.